ಒಡೆಯನಿಗೂ ಮೇಲಿನ ನಿಯಮ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಒಂದು ಬಾಗಿಲು ದಾಟಿದರೆ ಮುಂದಿನದು ನೇರಕ್ಕೆ ಕಾಣುವುದಿಲ್ಲ. ದಾರಿ ಹೊರಳುತ್ತದೆ, ಎದುರಿಗೆ ಮತ್ತೆ ಕಲ್ಲುಗೋಡೆ. ಒಂದು ಸುತ್ತು ಗೆದ್ದವನಿಗೆ ಇಡೀ ದುರ್ಗ ದಕ್ಕಬಾರದು ಎಂಬುದು ಕಟ್ಟಿದವರ ಲೆಕ್ಕ. ಅಂಥ ಕೋಟೆಯೂ 1779ರಲ್ಲಿ ಹೈದರಾಲಿಯ ವಶವಾಯಿತು. ಒಳಗಿನ ಕೆಲವರ ದ್ರೋಹವೇ ಕಾರಣವೆಂದು ಇತಿಹಾಸಕಾರರು ಬರೆದಿದ್ದಾರೆ. ಹೊರಗಿನವನನ್ನು ಗೋಡೆ ತಡೆಯುತ್ತದೆ. ಒಳಗಿರಲು ಅಪ್ಪಣೆ ಪಡೆದವನನ್ನು ತಡೆಯುವುದು ಯಾವುದು? ಕಂಪ್ಯೂಟರ್ ಲೋಕ ಇದಕ್ಕೆ ಕಂಡುಕೊಂಡ ಉತ್ತರವೇ ‘ಕಡ್ಡಾಯ ಪ್ರವೇಶ ನಿಯಂತ್ರಣ’.

ರೂಢಿಯ ಪದ್ಧತಿಯಲ್ಲಿ ಫೈಲು ಯಾರದೋ ಅವರೇ ಅದರ ಒಡೆಯರು. ಯಾರು ಓದಬೇಕು, ಯಾರು ತಿದ್ದಬೇಕು ಎಂಬುದು ಅವರ ಇಷ್ಟ. ತೊಡಕು ಇರುವುದು ಇಲ್ಲೇ. ನೀವು ತೆರೆದ ಪ್ರೋಗ್ರಾಂ ನಿಮ್ಮ ಹೆಸರಿನಲ್ಲೇ ಕೆಲಸ ಮಾಡುತ್ತದೆ. ಅದು ಕೆಟ್ಟದ್ದಾದರೆ ಒಡೆಯನ ಪೇಟ ಸುತ್ತಿಕೊಂಡ ಕಳ್ಳನಂತೆ ಮನೆಯೆಲ್ಲ ಓಡಾಡುತ್ತದೆ.

ಕಡ್ಡಾಯ ಪದ್ಧತಿಯಲ್ಲಿ ಪ್ರತಿ ಫೈಲಿಗೂ ಪ್ರತಿ ಪ್ರೋಗ್ರಾಮಿಗೂ ಒಂದೊಂದು ಚೀಟಿ ಅಂಟಿರುತ್ತದೆ. ಯಾವ ಚೀಟಿಯವರು ಯಾವ ಚೀಟಿಯದನ್ನು ಮುಟ್ಟಬಹುದು ಎಂಬುದನ್ನು ಮೊದಲೇ ಬರೆದಿಟ್ಟ ನಿಯಮ ತೀರ್ಮಾನಿಸುತ್ತದೆ. ಫೈಲಿನ ಒಡೆಯ ಒಪ್ಪಿದರೂ ನಿಯಮ ಒಪ್ಪದಿದ್ದರೆ ಬಾಗಿಲು ತೆರೆಯದು. 1973ರಲ್ಲಿ ಬೆಲ್ ಮತ್ತು ಲಾಪಡುಲಾ ಎಂಬಿಬ್ಬರು ಅಮೆರಿಕದ ಸೇನೆಯ ಗುಟ್ಟುಗಳಿಗಾಗಿ ಇದನ್ನು ಗಣಿತದ ಭಾಷೆಯಲ್ಲಿ ಬರೆದರು. ಗುಟ್ಟಿನ ಹಂತಗಳಲ್ಲಿ ಕೆಳಗಿನವನು ಮೇಲಿನದನ್ನು ಓದಕೂಡದು. ಮೇಲಿನವನು ಕೆಳಗಿನ ಹಂತದಲ್ಲಿ ಬರೆಯಕೂಡದು. ಎರಡನೆಯ ಮಾತು ಮೊದಲಿಗೆ ವಿಚಿತ್ರವೆನಿಸುತ್ತದೆ. ಆದರೆ ಗುಟ್ಟು ಬಲ್ಲ ಅಧಿಕಾರಿಯ ಕೈತಪ್ಪಿನಿಂದಲೂ ಅದು ಕೆಳಗೆ ಸೋರಬಾರದಲ್ಲ! ಅವನ ನಿಯತ್ತಿನ ಮೇಲಿನ ಅನುಮಾನ ಇದಲ್ಲ. ಅವನ ಒಂದು ತಪ್ಪಿನ ಭಾರ ಎಲ್ಲರ ಮೇಲೆ ಬೀಳದಿರಲೆಂಬ ಕಾಳಜಿ.

ಸೇನೆಯ ಈ ವಿಚಾರ ಈಗ ನಮ್ಮ ಜೇಬಿಗೇ ಬಂದಿದೆ. 2000ದಲ್ಲಿ ಹೊರಬಂದ ಎಸ್‌ಇಲಿನಕ್ಸ್ ಎಂಬ ಕಡ್ಡಾಯ ನಿಯಂತ್ರಣದ ವ್ಯವಸ್ಥೆ 2013ರಲ್ಲಿ ಆಂಡ್ರಾಯ್ಡ್ ಫೋನುಗಳಿಗೂ ಸೇರಿತು. ಹಿರಿಯೂರಿನ ರೈತರ ಫೋನಿನಲ್ಲೂ ಹೊಳಲ್ಕೆರೆಯ ಅಂಗಡಿಯವರ ಫೋನಿನಲ್ಲೂ ಅದು ಸದ್ದಿಲ್ಲದೆ ಕಾವಲಿದೆ. ಫೋನಿನ ಒಂದು ಭಾಗ ಶತ್ರುವಿನ ಕೈಗೆ ಸಿಕ್ಕರೂ ಆ ಭಾಗ ತನ್ನ ಚೀಟಿಯ ಗೆರೆ ದಾಟದಂತೆ ಹಿಡಿದಿಡುವುದು ಈ ಕಾವಲಿನ ಕೆಲಸ.

ಹಾಗಾದರೆ ನಿಯಮವೇ ಸಾಕೆ? ದುರ್ಗದಲ್ಲೇ ಇದಕ್ಕೆ ಉತ್ತರವಿದೆ. ಬಂಡೆಗಳ ಸಂದಿನಲ್ಲಿ ಒಬ್ಬರು ಮಾತ್ರ ನುಸುಳುವಂಥ ಕಿಂಡಿ. ಕಾವಲುಗಾರನಾಗಿದ್ದ ಗಂಡ ಊಟಕ್ಕೆ ಕೂತಿದ್ದಾಗ ಅಲ್ಲಿ ತಲೆ ತೂರಿಸಿದ ಶತ್ರುಗಳನ್ನು ಓಬವ್ವ ಒನಕೆಯಿಂದ ಒಬ್ಬೊಬ್ಬರನ್ನಾಗಿ ಬಡಿದಳೆಂದು ನಾವೆಲ್ಲ ಕೇಳುತ್ತ ಬೆಳೆದಿದ್ದೇವೆ. ಏಳು ಸುತ್ತು ಕಟ್ಟಿದವರ ಲೆಕ್ಕದಲ್ಲೂ ಒಂದು ಕಿಂಡಿ ಉಳಿದಿತ್ತು. ನಿಯಮ ಬರೆಯುವವರೂ ಮನುಷ್ಯರೇ, ಅವರ ಬರಹದಲ್ಲೂ ಕಿಂಡಿ ಉಳಿಯುತ್ತದೆ. ಹೊಸ ಪ್ರೋಗ್ರಾಂ ಓಡುತ್ತಿಲ್ಲವೆಂದು ಇಡೀ ಕಾವಲನ್ನೇ ಆರಿಸಿಬಿಡುವವರೂ ಇದ್ದಾರೆ. ಹಾಗೆ ಮಾಡದೆ, ತಡೆದದ್ದು ಏನು, ಏಕೆ ಎಂದು ನೋಡಿ ಆ ಒಂದು ಸಾಲನ್ನಷ್ಟೇ ತಿದ್ದಬೇಕು. ಕಿಂಡಿಯ ಬಳಿ ಕಿವಿಗೊಟ್ಟು ನಿಲ್ಲುವವರು ಅಂದೂ ಬೇಕಿತ್ತು, ಇಂದೂ ಬೇಕು.