ವೇಷ ಕಳಚಿದ ಮೇಲೆ ಉಳಿಯುವವನು ಯಾರು?



ಒಂದು ಭಾನುವಾರ ಪೂಜೆ ಮುಗಿದ ಮೇಲೆ ಕಾಲೇಜು ಓದುವ ಹುಡುಗನೊಬ್ಬ ದೇವಾಲಯದ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ, "ಫಾದರ್, ಆಟದಲ್ಲಿ ಮಾಡಿದ ಮೋಸ ಪಾಪವೇ?" ಎಂದು ಕೇಳಿದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅವನು ಆಡುವುದು ಪಾತ್ರ ವಹಿಸಿ ಆಡುವ ಕಂಪ್ಯೂಟರ್ ಆಟ. ಆಟಗಾರ ವೀರನೋ ಮಂತ್ರವಾದಿಯೋ ಕಳ್ಳನೋ ಆಗಿ ಕಥೆಯೊಳಗೆ ನಡೆಯುತ್ತಾನೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಕಾಗದ, ಪೆನ್ಸಿಲ್, ದಾಳಗಳ ಆಟವಾಗಿತ್ತು. ಈ ಬಗೆಯ ಆಟ ಈಗ ಮೊಬೈಲಿಗೂ ಬಂದಿದೆ. "ಕಥೆ ಓದುವುದಕ್ಕಿಂತ ಕಥೆಯೊಳಗೆ ಇರುವುದು ಚೆನ್ನ ಫಾದರ್. ನನ್ನದು ಸಾಧಾರಣ ಫೋನು. ಅನುಕೂಲಸ್ಥರು ಕಂಪ್ಯೂಟರಿನಲ್ಲೋ ಪ್ಲೇಸ್ಟೇಷನ್‌ನಲ್ಲೋ ಆಡುತ್ತಾರೆ. ಆದರೂ ಎಲ್ಲರಿಗೂ ಒಂದೇ ಮೈದಾನ" ಎಂದ. ಆ ಮಾತು ನನಗೆ ಹಿಡಿಸಿತು.

ನಾಲ್ವರು ಗೆಳೆಯರು ತಿಂಗಳುಗಟ್ಟಲೆ ಆಡಿ ಗಳಿಸಿದ ನಿಧಿ ಇವನ ವಶದಲ್ಲಿತ್ತು. ಸಮಪಾಲು ಕೊಡುವೆನೆಂದು ಮಾತು ಕೊಟ್ಟಿದ್ದ. ಒಂದು ರಾತ್ರಿ ಎಲ್ಲವನ್ನೂ ತಾನೇ ಬಾಚಿಕೊಂಡು ತಂಡ ಬಿಟ್ಟ. "ನನ್ನದು ಕಳ್ಳನ ಪಾತ್ರ. ಮೋಸ ಮಾಡಿದ್ದು ಪಾತ್ರ, ನಾನಲ್ಲ" ಎಂಬುದು ಅವನ ವಾದ. ಆದರೆ ಪಾಂಡವಪುರದ ಒಬ್ಬ ಗೆಳೆಯ ಅಂದಿನಿಂದ ಮಾತು ಬಿಟ್ಟಿದ್ದಾನೆ.

ಈ ವಾದವನ್ನು ತೂಗಿ ನೋಡಲು ನಾವು ದೂರ ಹೋಗಬೇಕಿಲ್ಲ. ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ನಮ್ಮ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡುವುದನ್ನು ನೀವು ನೋಡಿದ್ದೀರಿ. ರೈತರೇ ದುಡ್ಡು ಕೊಟ್ಟು ಪಾತ್ರ ಪಡೆದು, ಹಾರ್ಮೋನಿಯಂ ಮೇಷ್ಟ್ರ ಬಳಿ ಕಲಿತು ಬಣ್ಣ ಹಚ್ಚುತ್ತಾರೆ. ರಾತ್ರಿ ದುಶ್ಶಾಸನನಾಗಿ ಆರ್ಭಟಿಸಿದವನು ಬೆಳಿಗ್ಗೆ ಗದ್ದೆಗೆ ನೀರು ಕಟ್ಟುತ್ತಾನೆ. ಅವನನ್ನು ಯಾರೂ ಪಾಪಿ ಎನ್ನುವುದಿಲ್ಲ. ಆದರೆ ಅದೇ ಮನುಷ್ಯ ನಾಟಕಕ್ಕೆಂದು ಕೂಡಿಸಿದ ಹಣ ಎತ್ತಿಕೊಂಡು ಹೋದರೆ? 'ನಾನು ದುಶ್ಶಾಸನ' ಎಂದರೆ ಊರು ಬಿಟ್ಟೀತೇ?

ಉತ್ತರ ಇಲ್ಲಿದೆ. ಎಲ್ಲರೂ ಮೊದಲೇ ಒಪ್ಪಿದ ಕಥೆಯೊಳಗಿನ ಕಳ್ಳತನ ಆಟವೇ. ಪರಸ್ಪರ ವಂಚಿಸುವುದೇ ನಿಯಮವೆಂದು ತಿಳಿದು ಆಡಿದರೆ ಅದು ಚದುರಂಗದಲ್ಲಿ ಹೊಂಚು ಹಾಕಿದಂತೆ. ಆದರೆ ಇಲ್ಲಿ ಸಮಪಾಲಿನ ಮಾತನ್ನು ಕೊಟ್ಟವನು ಪಾತ್ರವಲ್ಲ, ಆಟಗಾರ. ನಂಬಿದವನೂ ಬೊಂಬೆಯಲ್ಲ, ನಿದ್ದೆಗೆಟ್ಟು ಜೊತೆಗೆ ಆಡಿದ ಒಬ್ಬ ಹುಡುಗ. ನಿಧಿ ಸುಳ್ಳಿರಬಹುದು, ನಂಬಿಕೆ ಸುಳ್ಳಲ್ಲ.

ಹಾಗೆಂದು ತಂದೆತಾಯಂದಿರು ಆಟವೇ ಪಾಪವೆಂದು ತೀರ್ಮಾನಿಸಬಾರದು. ಸದಾ ಬಿಗಿದ ಬಿಲ್ಲು ಮುರಿಯುವಂತೆ ವಿಶ್ರಾಂತಿಯಿಲ್ಲದ ಮನಸ್ಸೂ ಮುರಿಯುತ್ತದೆ ಎಂಬ ಹಳೆಯ ದೃಷ್ಟಾಂತವನ್ನು ಸಂತ ಥಾಮಸ್ ಅಕ್ವಿನಾಸರು ನೆನಪಿಸುತ್ತಾರೆ. ವಿನೋದ ಅಸಭ್ಯವಾಗಿರಬಾರದು, ಯಾರಿಗೂ ಕೇಡು ತರಬಾರದು, ಮನಸ್ಸಿನ ಸಮತೋಲ ಕೆಡಿಸಬಾರದು, ವ್ಯಕ್ತಿಗೂ ವೇಳೆಗೂ ಒಪ್ಪಬೇಕು ಎಂಬುದು ಅವರು ಹಾಕಿದ ಎಲ್ಲೆ. 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಕಾರ್ಲೊ ಅಕ್ಯುಟಿಸ್ ಕೂಡ ವಿಡಿಯೋ ಆಟಗಳನ್ನು ಇಷ್ಟಪಡುತ್ತಿದ್ದ. ಆದರೆ ಅದಕ್ಕೆ ತಾನೇ ಮಿತಿ ಹಾಕಿಕೊಂಡಿದ್ದ.

ಇನ್ನೊಂದು ಮಾತು. ಇಂದಿನ ಹಲವು ಆಟಗಳಲ್ಲಿ ಫೋನಿನಲ್ಲಿ ಬಿಟ್ಟ ಪಾತ್ರವನ್ನು ಕಂಪ್ಯೂಟರಿನಲ್ಲಿ ಅಲ್ಲಿಂದಲೇ ಮುಂದುವರಿಸಬಹುದಂತೆ. ಯಂತ್ರ ಬದಲಾದರೂ ಗಳಿಸಿದ್ದು, ಕಳೆದದ್ದು ಎಲ್ಲ ಹಾಗೆಯೇ ಇರುತ್ತದೆ. ನಮ್ಮ ಆತ್ಮವೂ ಹಾಗೆಯೇ ಅಲ್ಲವೇ? ಬಲಿಪೂಜೆಯಲ್ಲಿ ಒಬ್ಬ, ಅಂಗಡಿಯಲ್ಲಿ ಇನ್ನೊಬ್ಬ, ಮನೆಯಲ್ಲಿ ಮತ್ತೊಬ್ಬನಾಗಿರಲು ನಾವು ಯತ್ನಿಸುತ್ತೇವೆ. ದೇವರ ಮುಂದೆ ಲೆಕ್ಕ ಒಂದೇ. ಯೇಸುಸ್ವಾಮಿ ಕಪಟಿಗಳನ್ನು ಗದರಿದಾಗ ಶುಭಸಂದೇಶದ ಗ್ರೀಕ್ ಮೂಲ ಬಳಸುವ ಪದಕ್ಕೆ 'ರಂಗದ ನಟ' ಎಂಬ ಅರ್ಥವೂ ಇತ್ತು. ಆ ಗದರಿಕೆ ವೇಷ ಹಾಕಿದ್ದಕ್ಕಲ್ಲ, ಬದುಕಿನಲ್ಲಿ ಅದನ್ನು ಕಳಚದೆ ಇದ್ದುದಕ್ಕೆ. ಮಗನ ಆಟವನ್ನು ಬೈಯುವ ಮೊದಲು ಹಿರಿಯರಾದ ನಾವೂ ನಮ್ಮ ವೇಷಗಳನ್ನು ಎಣಿಸಿಕೊಳ್ಳೋಣ.

ಆ ಹುಡುಗನಿಗೆ ನಾನು ಹೇಳಿದ್ದಿಷ್ಟೆ: "ಪಾಪನಿವೇದನೆಗೆ ಆಮೇಲೆ ಬಾ. ಮೊದಲು ಪಾಂಡವಪುರಕ್ಕೆ ಹೋಗಿ ಬಾ." ಮುಂದಿನ ಭಾನುವಾರ ಬಂದು, "ಅರ್ಧ ಗಂಟೆ ಬೈದ, ಆಮೇಲೆ ಊಟ ಹಾಕಿಸಿದ ಫಾದರ್" ಎಂದ.

ಪ್ರಿಯರೇ, ಇಂದು ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ನಿಮ್ಮ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: 'ನೀನು ಯಾರ ಜೊತೆ ಆಡುತ್ತೀಯ?' ಎಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಆಮೇಲೆ ಕೇಳಿದರಾಯಿತು.