ಉಳಿದ ಸೀಟು ದೈವಕರೆಯಾದೀತೇ?



ಪಿಯುಸಿ ಫಲಿತಾಂಶದ ದಿನಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಎಲ್ಲೇ ಆಗಲಿ, ತಂದೆತಾಯಿಯರು ಗುರುಗಳ ಬಳಿ ಬಂದು ಹೇಳುವ ಮಾತೊಂದಿದೆ: “ಫಾದರ್, ಮಗಳು ಕೇಳಿದ್ದು ಸಿಗಲಿಲ್ಲ. ಉಳಿದಿದ್ದ ಸೀಟಿಗೆ ಸೇರಿಸಿಬಿಟ್ಟೆವು.” ಆ ಮಾತಿನ ಹಿಂದೆ ಒಂದು ಭಯವಿದೆ. ತಾನು ಆರಿಸಿಕೊಳ್ಳದ ದಾರಿಯಲ್ಲಿ ಮಗು ಜೀವನವಿಡೀ ಪರರ ಮನೆಯಲ್ಲಿದ್ದಂತೆ ಇರಬೇಕಾದೀತೇ?

1835ರಲ್ಲಿ ಇಟಲಿಯ ಮಿಲಾನ್ ನಗರದ ಸಂಗೀತ ಕನ್ಸರ್ವೇಟರಿಗೆ ಜೊವಾನ್ನಿ ಬೊತ್ತೆಸೀನಿ ಎಂಬ ಹುಡುಗ ಬಂದ. ವಯಸ್ಸು ಹದಿನಾಲ್ಕು ತುಂಬಿರಲಿಲ್ಲ. ಕಲಿತದ್ದು ಪಿಟೀಲು. ಶುಲ್ಕ ಕಟ್ಟುವ ಶಕ್ತಿ ಮನೆಯವರಿಗಿರಲಿಲ್ಲ. ಉಚಿತವಾಗಿ ಉಳಿದಿದ್ದವು ಎರಡೇ ಸ್ಥಾನ. ಒಂದು ಬಸೂನ್ ಎಂಬ ಊದುವ ವಾದ್ಯಕ್ಕೆ, ಇನ್ನೊಂದು ಡಬಲ್ ಬೇಸ್‌ಗೆ. ಹುಡುಗ ಎರಡನೆಯದಕ್ಕೆ ಸೇರಿದ.

ಡಬಲ್ ಬೇಸ್ ಎಂದರೆ ಪಿಟೀಲಿನ ಜಾತಿಯದೇ, ಆದರೆ ಆಳಿಗಿಂತ ಎತ್ತರದ ವಾದ್ಯ. ನಿಂತೋ, ಎತ್ತರದ ಸ್ಟೂಲಿನ ಮೇಲೆ ಕುಳಿತೋ ನುಡಿಸಬೇಕು. ವಾದ್ಯವೃಂದದಲ್ಲಿ ಅದು ಹಿಂದೆ ಇದ್ದು ಎಲ್ಲರ ಸ್ವರಕ್ಕೂ ತಳಪಾಯ ಹಾಕುತ್ತದೆ. ನಿಲ್ಲಿಸಿದಾಗಲೇ ಅದು ಇತ್ತೆಂದು ನಮಗೆ ತಿಳಿಯುವುದು. ಪಿಟೀಲಿನಲ್ಲಿ ಪಳಗಿದ ಬೆರಳು ಇಲ್ಲಿ ಸಾಲದು. ತಂತಿಗಳ ಶ್ರುತಿಯ ಅಂತರವೇ ಬೇರೆ, ತಂತಿಯೂ ದಪ್ಪ. ಹುಡುಗ ಮತ್ತೆ ಮೊದಲಿನಿಂದ ಕಲಿತ. 1839ರಲ್ಲಿ ಬಹುಮಾನ ಪಡೆದು ಹೊರಬಂದ. ಡಬಲ್ ಬೇಸ್‌ನಲ್ಲಿ ಅವನ ಸಮಾನರು ವಿರಳ ಎನ್ನಿಸಿಕೊಂಡ. 1871ರಲ್ಲಿ ಕೈರೋದಲ್ಲಿ ವೆರ್ದಿಯ ‘ಆಯಿದಾ’ ಸಂಗೀತನಾಟಕದ ಮೊದಲ ಪ್ರದರ್ಶನವನ್ನು ನಿರ್ದೇಶಿಸಿದವನೂ ಇವನೇ.

ತಂತಿವಾದ್ಯ ನುಡಿಸುತ್ತಲೇ ವಾದಕನಾಗುವಂತೆ, ನ್ಯಾಯದ ಕೆಲಸ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂಬುದು ಅರಿಸ್ಟಾಟಲನ ವಿಚಾರ. ಕೆಲಸದ ಮೇಲಿನ ಪ್ರೀತಿಯೂ ಹಾಗೆಯೇ ಎಂದು ನನಗೆ ತೋರುತ್ತದೆ. ಪ್ರೀತಿ ಮೊದಲು, ದುಡಿಮೆ ಆಮೇಲೆ ಎಂದುಕೊಳ್ಳುತ್ತೇವೆ. ಬಹಳ ಸಲ ಅದು ತಿರುವುಮುರುವು.

ಆದರೆ ಬಡವರ ಮಕ್ಕಳಿಗೆ ಇದನ್ನು ಹೇಳುವಾಗ ಎಚ್ಚರ ಬೇಕು. “ಸಿಕ್ಕಿದ್ದರಲ್ಲಿ ತೃಪ್ತಿಪಡು” ಎಂಬ ಉಪದೇಶ ಅನ್ಯಾಯಕ್ಕೆ ಹೊದಿಸುವ ಮುಸುಕೂ ಆದೀತು. ಕನ್ಸರ್ವೇಟರಿ ಎಂಬ ಹೆಸರೇ ನೇಪಲ್ಸ್ ಮುಂತಾದ ಊರುಗಳಲ್ಲಿ ಅನಾಥ ಮಕ್ಕಳನ್ನು ಕಾಪಾಡುತ್ತಿದ್ದ ಧಾರ್ಮಿಕ ಆಶ್ರಯಗಳಿಂದ ಬಂದದ್ದು. ಅಲ್ಲಿ ಅನ್ನ, ಹಾಸಿಗೆ ಮೊದಲು, ಸಂಗೀತ ಆಮೇಲೆ.

ಯಲಬುರ್ಗಾ ದಾಟಿದರೆ ಗದಗ ಜಿಲ್ಲೆ. ಗದಗ ಪಟ್ಟಣದ ವೀರೇಶ್ವರ ಪುಣ್ಯಾಶ್ರಮವೂ ಅಂಥದ್ದೇ ಮನೆ. ಕೂಸಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು, ತಾವೂ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತರು. 1944ರಲ್ಲಿ ಗುರುಗಳು ತೀರಿಹೋದ ಮೇಲೆ, 2010ರಲ್ಲಿ ತಾವು ಕಣ್ಮುಚ್ಚುವವರೆಗೆ, ಅಂಧ ಮತ್ತು ಅನಾಥ ಮಕ್ಕಳನ್ನು ಸಾಕಿ ಸಂಗೀತ ಕಲಿಸಿದರು. ಅವರ ಅಂಧತ್ವವೇ ದೈವಕರೆ ಎನ್ನಲು ನಾನು ಒಪ್ಪುವುದಿಲ್ಲ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪವೆಂದು ಶಿಷ್ಯರು ಕೇಳಿದಾಗ, ಪ್ರಭು ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು. ಪುಟ್ಟರಾಜರಿಗೆ ಕರೆ ಬಂದದ್ದು ಕೈಹಿಡಿದು ಕಲಿಸಿದ ಗುರುವಿನ ಮೂಲಕ.

ಆದ್ದರಿಂದ, ಉಳಿದ ಸೀಟಿಗೆ ಮಗಳನ್ನು ಸೇರಿಸಿದವರೇ, ಆರು ತಿಂಗಳ ನಂತರ ಹಾಸ್ಟೆಲಿಗೆ ಒಮ್ಮೆ ಹೋಗಿ ಬನ್ನಿ. ಅಂಕ ಎಷ್ಟು ಬಂತೆಂದು ಕೇಳಬೇಡಿ. ಯಾರ ಪಾಠ ಇಷ್ಟವಮ್ಮಾ ಎಂದು ಕೇಳಿ. ಒಬ್ಬರ ಹೆಸರೂ ಅವಳ ಬಾಯಿಗೆ ಬಾರದಿದ್ದರೆ, ದಾರಿ ಬದಲಿಸಲು ಇನ್ನೂ ಅವಕಾಶವಿದೆಯೇ ಎಂದು ಅವಳ ಜೊತೆ ಕುಳಿತು ವಿಚಾರಿಸಿ; ಕಟ್ಟಿದ ಫೀಸಿನ ಮಾತು ಅಂದು ಬೇಡ.