ಇಂದಿನ ಧಮ್ಮ ಚಿಂತನೆ: ಕೊಡದಿದ್ದನ್ನು ನೋಡುವುದು



ನಮ್ಮ ಮನೆಯಲ್ಲಿ ಗ್ರಂಥಾಲಯದ ಕಾರ್ಡು ಒಂದೇ, ನನ್ನ ಹೆಸರಿನದು. ಮಗಳೂ ಅದರಲ್ಲೇ ಪುಸ್ತಕ ತರುತ್ತಾಳೆ. ಮೊನ್ನೆ ಮೊಬೈಲಿನಲ್ಲಿ ಖಾತೆ ತೆರೆದಾಗ ಅವಳು ತಂದ ಪುಸ್ತಕಗಳ ಪಟ್ಟಿ ಕಂಡಿತು. ಊಟಕ್ಕೆ ಕೂತಾಗ ಎಲ್ಲರೆದುರೇ, "ಇದನ್ನೆಲ್ಲ ಯಾಕೆ ಓದ್ತೀಯ?" ಎಂದುಬಿಟ್ಟೆ. ಅವಳು ತಟ್ಟೆ ಬಿಟ್ಟು ಎದ್ದಳು. ಅಂದಿನಿಂದ ಪುಸ್ತಕ ತಂದಿಲ್ಲ.

ಪಂಚಶೀಲದ ಎರಡನೆಯ ಶೀಲ ಕೊಡದಿದ್ದನ್ನು ತೆಗೆದುಕೊಳ್ಳಬೇಡ ಎನ್ನುತ್ತದೆ. ಕಾರ್ಡು ನನ್ನದು, ಅವಳ ಓದು ನನ್ನದಲ್ಲ. ನಮ್ಮ ಹಿರಿಯರಿಗೆ ಅಕ್ಷರದ ಬಾಗಿಲೇ ಮುಚ್ಚಿತ್ತು. ಬಾಬಾಸಾಹೇಬರು ಪುಸ್ತಕಗಳಿಗಾಗಿಯೇ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು. ತೆರೆದ ಆ ಬಾಗಿಲಿಗೆ ನಾನೇ ಕಾವಲು ನಿಂತೆನಲ್ಲ!

ನಿನ್ನೆ ಮಗಳ ಕ್ಷಮೆ ಕೇಳಿದೆ. ಅವಳ ಹೆಸರಿಗೇ ಕಾರ್ಡು ಮಾಡಿಸುತ್ತಿದ್ದೇನೆ. ಯಾವ ಪುಸ್ತಕವೆಂದು ಇಲ್ಲಿ ಹೇಳುವುದಿಲ್ಲ; ಇಷ್ಟನ್ನೂ ಅವಳ ಒಪ್ಪಿಗೆ ಪಡೆದೇ ಬರೆದಿದ್ದೇನೆ.

ಸಾಧು, ಸಾಧು, ಸಾಧು.